ಸೀಮೆಸುಣ್ಣದ ಗುರುತು

1986ರ ಜೂನ್ ತಿಂಗಳು. ಮೂಡಿಗೆರೆಯಲ್ಲಿ ಮಳೆ ಹಿಡಿದು ಎಂಟು ದಿನವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಕೊಡೆ ಹಿಡಿದು ಕರೆದುಕೊಂಡು ಹೋಗಿ ಟೈರ್ ಅಂಗಡಿಗೆ ಬಿಟ್ಟುಬಂದರು. ಅಂಗಡಿ ಅಂದರೆ ನಾಲ್ಕು ಕಂಬದ ಮೇಲೆ ತಗಡು, ಒಂದು ಕಂಪ್ರೆಸರ್, ಟ್ಯೂಬ್ ಮುಳುಗಿಸಿ ನೋಡಲು ಅರ್ಧ ಕತ್ತರಿಸಿದ ಡ್ರಮ್ಮು, ಸುತ್ತ ಹಳೆ ಟೈರುಗಳ ರಾಶಿ. ನಡೆಸುತ್ತಿದ್ದವರು ಚಾರ್ಮಾಡಿ ಘಾಟಿಯ ಕೆಳಗಿನ ಬೆಳ್ತಂಗಡಿ ಕಡೆಯಿಂದ ಬಂದು ನೆಲೆಸಿದ ಬ್ಯಾರಿ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ತೋಟದ ಸಾಹುಕಾರರಿಂದ ಕೂಲಿಯವರ ಲೈನ್ ಮನೆಯ ಮಕ್ಕಳವರೆಗೆ ಎಲ್ಲರಿಗೂ ಅವರು ಕಾಕಾ.

ಆಗ ನಮ್ಮಲ್ಲಿಗೆ ಬರುತ್ತಿದ್ದ ಜೀಪುಗಳು ಹೆಚ್ಚುಕಡಿಮೆ ಎಲ್ಲವೂ ಮಹೀಂದ್ರದವು. 1947ರಲ್ಲಿ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ತೊಡಗಿದ ಕಂಪನಿ, ಅದರ ಆಕಾರವನ್ನು ಬಹಳ ಬದಲಿಸದೆ ದಶಕಗಳ ಕಾಲ ಮಾಡುತ್ತ ಬಂದಿತ್ತು. ಟೈರಿನ ಅಳತೆಯೂ ಒಂದೇ: 6.00-16. ಅಂದರೆ 16 ಇಂಚಿನ ರಿಮ್ಮು, ಒಂದು ಗೇಣಿಗಿಂತ ಕಡಿಮೆ ಅಗಲ, ನಿಲ್ಲಿಸಿದರೆ ಸುಮಾರು 28 ಇಂಚು ಎತ್ತರ. ಯಾವ ಅಳತೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಹೊಸದೋ ರೀಸೋಲೋ ಎಂಬುದೊಂದೇ ಪ್ರಶ್ನೆ. ಸವೆದ ಟೈರನ್ನು ಹಾಸನಕ್ಕೆ ಕಳಿಸಿದರೆ ಮೇಲೆ ಹೊಸ ರಬ್ಬರ್ ಕೂರಿಸಿ, ಬೇಯಿಸಿ, ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದರು. ತೋಟದ ಜೀಪಿನ ಟೈರು ಎರಡು ಜನ್ಮ ಬದುಕುತ್ತಿತ್ತು.

ದಪ್ಪ ಹಲ್ಲಿನ ಟೈರಿಗೆ ನಾವು ಬಟನ್ ಟೈರ್ ಎನ್ನುತ್ತಿದ್ದೆವು. ಜುಲೈ ಬಂದರೆ ಅದೂ ಸಾಲದು, ಅದರ ಮೇಲೆ ಚೈನ್ ಕಟ್ಟಬೇಕು. ಕೈ ಮರಗಟ್ಟುವ ಚಳಿಯಲ್ಲಿ, ಕೆಸರಿನಲ್ಲಿ ಅಂಗಾತ ಮಲಗಿ, ಚಕ್ರದ ಹಿಂದಿನಿಂದ ಕೊಂಡಿ ಎಳೆದು ಸಿಕ್ಕಿಸುವುದು ನಾನು ಕಲಿತ ಮೊದಲ ಕೆಲಸ. ಜಿಗಣೆ ಕಾಲಿಗೆ ಹತ್ತಿದರೂ ಕೊಂಡಿ ಬಿಡುವಂತಿಲ್ಲ. ಚೈನ್ ಕಟ್ಟಿದ ಜೀಪು ಕೊಟ್ಟಿಗೆಹಾರದ ಆಚೆಯ ತೋಟಗಳ ಏರನ್ನು ಗೊರಗೊರ ಸದ್ದು ಮಾಡುತ್ತ ಹತ್ತುತ್ತಿತ್ತು. ರಾತ್ರಿ ಮನೆಯಲ್ಲಿ ಮಲಗಿದ್ದಾಗ ಆ ಸದ್ದು ಕೇಳಿದರೆ ಯಾರದೋ ಮನೆಯಲ್ಲಿ ಕಾಯಿಲೆಯೋ ಹೆರಿಗೆಯೋ ಎಂದು ಅಮ್ಮ ಎದ್ದು ಕೂರುತ್ತಿದ್ದಳು.

ಅಷ್ಟು ಸಣ್ಣ ಟೈರು ಅಷ್ಟು ಕೆಲಸ ಹೇಗೆ ಮಾಡುತ್ತಿತ್ತು ಎಂಬುದು ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾದವು. ನಮ್ಮ ಮಲೆನಾಡಿನ ತೋಟದ ದಾರಿಯಲ್ಲಿ ಮೇಲೆ ಅರ್ಧ ಅಡಿ ಕೆಸರಿದ್ದರೂ ಕೆಳಗೆ ಗಟ್ಟಿ ನೆಲವಿರುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಹೋಗಿ ಆ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲದ ಟೈರು ಕೆಸರಿನ ಮೇಲೆಯೇ ತೇಲುತ್ತದೆ. ಆ ತೇಲುವ ಗುಣ ರಾಜಸ್ಥಾನದ ಮರಳಿನಲ್ಲಿ ವರ, ನಮ್ಮ ಇಳಿಜಾರಿನ ಜೇಡಿಯಲ್ಲಿ ಗಾಡಿ ಪಕ್ಕಕ್ಕೆ ಜಾರುವಂತೆ ಮಾಡುತ್ತದೆ. ನಾನು ಕಂಡ ಎಷ್ಟೋ ಬಾಡಿಗೆ ಜೀಪಿನ ಡ್ರೈವರುಗಳು ಕೈಯಲ್ಲಿ ದುಡ್ಡಿದ್ದರೂ ಇವತ್ತಿಗೂ ಕಿರಿದಾದ ಬಟನ್ ಟೈರನ್ನೇ ಹಾಕಿಸುತ್ತಾರೆ. ಅವರ ತಿಳಿವಳಿಕೆಯ ಮೇಲೆ ನನಗೆ ತುಂಬ ಗೌರವ.

ದೊಡ್ಡ ಟೈರಿನ ಆಸೆ ನಮ್ಮ ಅಂಗಡಿಗೆ ಮೊದಲು ಬಂದದ್ದು ಒಬ್ಬ ಗೌಡರ ಮೂಲಕ. ಅವರ ತೋಟದ ದಾರಿಯ ನಡುವೆ ಬಂಡೆಯೊಂದಿತ್ತು, ಜೀಪಿನ ಆ್ಯಕ್ಸಲ್ ಹೌಸಿಂಗ್ ಪ್ರತಿ ಸಲ ಅದಕ್ಕೆ ತಗಲುತ್ತಿತ್ತು. ಎಲ್ಲಿಂದಲೋ ನಾಲ್ಕು 7.00-16 ಟೈರು ತಂದು, ‘ಇದನ್ನ ಹಾಕು ಕಾಕಾ, ಗಾಡಿ ಎತ್ತರ ಆಗ್ಲಿ’ ಎಂದರು. ಕಾಕಾ ಟೈರನ್ನು ನೋಡಲಿಲ್ಲ, ಜೀಪಿನ ರಿಮ್ಮಿನ ಅಗಲ ಅಳೆದರು. ನಾಲ್ಕೂವರೆ ಇಂಚು. ‘ಗೌಡ್ರೇ, ಈ ರಿಮ್ಮಿಗೆ ಇದು ಕೂರುದಿಲ್ಲ. ಕೂತ್ರೂ ಹೊಟ್ಟೆ ಬಿಟ್ಟು ಕೂರ್ತದೆ. ತಿರುವಲ್ಲಿ ಟೈರು ಒಂದು ಕಡೆ, ಗಾಡಿ ಒಂದು ಕಡೆ’ ಎಂದರು. ಗೌಡರು ಅಗಲದ ರಿಮ್ಮನ್ನೂ ತರಿಸಿದರು. ಆಗ ಕಾಕಾ ಮಾಡಿದ ಪರೀಕ್ಷೆಯನ್ನು ನಾನು ಇವತ್ತಿಗೂ ಮಾಡುತ್ತೇನೆ.

ಒಂದು ಮುಂದಿನ ಚಕ್ರಕ್ಕೆ ಮಾತ್ರ ಹೊಸ ಟೈರು ಹಾಕಿದರು. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಟೈರಿನ ಎರಡೂ ಭುಜಕ್ಕೆ ದಪ್ಪಗೆ ಬಳಿದರು. ಹಿಂದೆ ಮರಳಿನ ಮೂಟೆಗಳನ್ನು ಹೇರಿಸಿದರು. ಒಂದರ ಮೇಲೊಂದು ಮರದ ದಿಮ್ಮಿ ಇಟ್ಟು ಆ ಒಂದೇ ಚಕ್ರವನ್ನು ಮೇಲೆ ಹತ್ತಿಸಿದರು. ಸ್ಪ್ರಿಂಗಿನ ಬ್ಲೇಡ್ ಪೂರ್ತಿ ಅದುಮಿಕೊಂಡು ಚಕ್ರ ಮಡ್‌ಗಾರ್ಡಿನೊಳಗೆ ಹೋಯಿತು. ಹಾಗೆ ನಿಂತಲ್ಲೇ ಸ್ಟಿಯರಿಂಗನ್ನು ಎಡಕ್ಕೆ ಕಡೆಯವರೆಗೆ, ಬಲಕ್ಕೆ ಕಡೆಯವರೆಗೆ ತಿರುಗಿಸಿದರು. ಆಮೇಲೆ ಕೆಳಗೆ ಮಲಗಿ ಟಾರ್ಚ್ ಹಾಕಿದರು. ಬ್ಲೇಡಿನ ಪಕ್ಕದಲ್ಲಿ ಒಂದು ಬಿಳಿ ಗೀರು, ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಇನ್ನೊಂದು. ‘ನೋಡಿ ಗೌಡ್ರೇ, ಎರಡು ಕಡೆ ಸುಣ್ಣ ಹತ್ತಿದೆ. ಮಳೆಗಾಲದಲ್ಲಿ ಇದರ ಮೇಲೆ ಚೈನ್ ಬೇರೆ ಕಟ್ಟಬೇಕಲ್ಲ. ಚೈನಿಗೆ ಜಾಗ ಎಲ್ಲುಂಟು?’ ಗೌಡರು ಸ್ವಲ್ಪ ಹೊತ್ತು ನಿಂತು ನೋಡಿ, ಹಳೆ ಟೈರನ್ನೇ ಹಾಕಿಸಿಕೊಂಡು ಹೋದರು. ಬಂಡೆಯನ್ನು ಮುಂದಿನ ಬೇಸಿಗೆಯಲ್ಲಿ ಒಡೆಸಿದರು.

ಮಾರುತಿ ಜಿಪ್ಸಿ 1985ರಲ್ಲೇ ಬಂದಿತ್ತಾದರೂ ನಮ್ಮ ತೋಟಗಳಿಗೆ ಸಾಲಾಗಿ ಬರತೊಡಗಿದ್ದು ಆಮೇಲೆ. ಹಗುರ ಗಾಡಿ, 15 ಇಂಚಿನ ರಿಮ್ಮು. ಅದರ ಜೊತೆಗೆ ರೇಡಿಯಲ್ ಟೈರಿನ ಹೊಸ ಲಿಪಿಯೂ ಬಂತು. 235/75 ಆರ್ 15 ಎಂದು ಪಕ್ಕೆಯಲ್ಲಿ ಬರೆದಿದ್ದರೆ ನಮಗೆ ಮಂತ್ರದಂತೆ ಕಾಣುತ್ತಿತ್ತು. ಅರ್ಥ ಬಿಡಿಸಿ ಹೇಳಿದವರು ಪಕ್ಕದ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅಗಲ 235 ಮಿಲಿಮೀಟರ್. ಅದರ ನೂರಕ್ಕೆ 75 ಭಾಗ ಪಕ್ಕೆಯ ಎತ್ತರ, ಅಂದರೆ 176 ಚಿಲ್ಲರೆ. ಪಕ್ಕೆ ಮೇಲೂ ಇದೆ, ಕೆಳಗೂ ಇದೆ, ಆದ್ದರಿಂದ ಎರಡರಿಂದ ಗುಣಿಸು. ರಿಮ್ಮಿನ 15 ಇಂಚನ್ನು 25.4ರಿಂದ ಗುಣಿಸಿ ಕೂಡಿಸು. ಒಟ್ಟು 733 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಹತ್ತಿರ ಹತ್ತಿರ 29 ಇಂಚು. ನಾನು ಈ ಲೆಕ್ಕವನ್ನು ಇದ್ದಿಲಿನಲ್ಲಿ ತಗಡಿನ ಗೋಡೆಯ ಮೇಲೆ ಬರೆದೆ. ಗೋಡೆ ಹೋಗಿ ಶಟರ್ ಬಂದಿದೆ, ಲೆಕ್ಕ ಬಾಯಲ್ಲಿ ಉಳಿದಿದೆ.

ಎಲ್ಲ ತರಹದ ನೆಲಕ್ಕೂ ಆಗುವ ಆಲ್ ಟೆರೇನ್ ಟೈರು ನಮಗೆ ತಡವಾಗಿ ಸಿಕ್ಕಿತು. ಅಮೆರಿಕದ ಬಿಎಫ್ ಗುಡ್‌ರಿಚ್ ಕಂಪನಿ ಆ ಬಗೆಯ ರೇಡಿಯಲ್ಲನ್ನು 1976ರಲ್ಲೇ ತಂದಿತ್ತು. ನಮ್ಮ ಅಂಗಡಿಯಲ್ಲಿ ಆ ಹೆಸರು ಕೇಳಿಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಒಳ್ಳೆಯ ಟೈರು ಅದು. ಡಾಂಬರಿನ ಮೇಲೆ ಬಟನ್ ಟೈರಿನ ಹಾಗೆ ಗುಂಯ್ ಎನ್ನುವುದಿಲ್ಲ, ಮಳೆಯಲ್ಲಿ ಬ್ರೇಕ್ ಹಿಡಿಯುತ್ತದೆ, ಕಲ್ಲಿನ ದಾರಿಗೆ ಬಗ್ಗುತ್ತದೆ. ಜುಲೈ ತಿಂಗಳ ಅಂಟು ಜೇಡಿಯಲ್ಲಿ ಮಾತ್ರ ಅದರ ಹಲ್ಲಿನ ಸಂದುಗಳು ತುಂಬಿಕೊಂಡು ಚಕ್ರ ನುಣುಪಾಗಿಬಿಡುತ್ತದೆ. ದೂರದೂರ ಹಲ್ಲಿರುವ ಮಡ್ ಟೈರು ತಿರುಗುವಾಗ ಆ ಮಣ್ಣನ್ನು ತಾನೇ ಕೊಡವಿಕೊಳ್ಳುತ್ತದೆ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುವವರಿಗೆ ಆಲ್ ಟೆರೇನ್, ತೋಟದ ಗೇಟು ದಾಟದ ಗಾಡಿಗೆ ಮಡ್ ಟೈರು. ನನ್ನ ಸಲಹೆ ಇಷ್ಟು ವರ್ಷದಲ್ಲಿ ಬದಲಾಗಿಲ್ಲ.

2010ರಲ್ಲಿ ಮಹೀಂದ್ರದ ಥಾರ್ ಬಂದ ಮೇಲೆ ವ್ಯಾಪಾರದ ಮುಖವೇ ಬೇರೆಯಾಯಿತು. ಟೈರು ಸವೆದು ಬರುತ್ತಿದ್ದವರ ಜಾಗದಲ್ಲಿ ಹೊಸ ಟೈರಿನ ಮೇಲಿನ ಸಣ್ಣ ರಬ್ಬರ್ ಕೂದಲು ಕೂಡ ಉದುರದ ಗಾಡಿಗಳು ಬರತೊಡಗಿದವು. ಫೋನಿನಲ್ಲಿ ಒಂದು ಚಿತ್ರ ತೋರಿಸಿ, ‘ಅಣ್ಣಾ, ಹೀಗೆ ಕಾಣಬೇಕು’ ಎನ್ನುತ್ತಿದ್ದರು. ಕಾಕಾಗೆ ಆಗ ಕಣ್ಣು ಮಂಜು. ಅಂಗಡಿ ನನ್ನ ಹೆಸರಿಗಾಗಿತ್ತು, ಅವರು ಮೂಲೆಯ ಬೆಂಚಿನಲ್ಲಿ ಕೂತು ಬಂದವರ ದನಿ ಕೇಳಿಸಿಕೊಳ್ಳುತ್ತಿದ್ದರು.

ನಾನು ತಪ್ಪು ಮಾಡಿದ್ದು 2012ರ ನವೆಂಬರಿನಲ್ಲಿ. ತೋಟದ ಮನೆಯ ಹುಡುಗನೊಬ್ಬ ತನ್ನ ಥಾರ್‌ಗೆ 31 ಇಂಚಿನ, ಹತ್ತೂವರೆ ಇಂಚು ಅಗಲದ ಟೈರು ಬೇಕೆಂದ. ಆ ಗಾಡಿಯದು 235/70 ಆರ್ 16, ಲೆಕ್ಕ ಹಾಕಿದರೆ 735 ಮಿಲಿಮೀಟರ್. ಅವನು ಕೇಳಿದ್ದು 787. ರಿಮ್ಮು ಕೂಡ ಬೇರೆ, ಚಕ್ರ ಹೊರಗೆ ಚಾಚುವಂಥದು. ಅಂಗಳದಲ್ಲಿ ನಿಲ್ಲಿಸಿ ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ನೋಡಿದೆ. ಎಲ್ಲೂ ತಗಲಲಿಲ್ಲ. ಅವನಿಗೆ ಅವಸರ, ನನಗೆ ಹಬ್ಬದ ಖರ್ಚು. ಮೂಟೆ ಹೇರಲಿಲ್ಲ, ದಿಮ್ಮಿ ಇಡಲಿಲ್ಲ, ಸುಣ್ಣ ಬಳಿಯಲಿಲ್ಲ.

ಹತ್ತನೇ ದಿನ ಅದೇ ಗಾಡಿ ಕೆಲಸದವರನ್ನು ಕೂರಿಸಿಕೊಂಡು ತೋಟದ ಇಳಿಜಾರಿನಲ್ಲಿ ಬರುತ್ತಿತ್ತು. ತಿರುವಿನಲ್ಲೇ ಒಂದು ಹೊಂಡ. ಭಾರಕ್ಕೆ ಚಕ್ರ ಒಳಗೆ ಅದುಮಿಹೋಗಿ, ತಿರುಗಿಸಿದ ಟೈರಿನ ಪಕ್ಕೆ ಮಡ್‌ಗಾರ್ಡಿನ ಕಬ್ಬಿಣದ ಅಂಚಿಗೆ ಸಿಕ್ಕಿ ಸೀಳಿತು. ಗಾಡಿ ಕಾಫಿ ಗಿಡಗಳಿಗೆ ನುಗ್ಗಿ ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಹಿಂದೆ ಕೂತಿದ್ದ ಹೆಂಗಸೊಬ್ಬರ ಕೈ ಮುರಿಯಿತು. ನಾನು ಆಸ್ಪತ್ರೆಗೆ ಹೋಗಿ ಬಂದು ಅಂಗಡಿಯಲ್ಲಿ ಕೂತೆ.

‘ಜೀಪಲ್ಲಿ ಎಷ್ಟು ಜನ ಇದ್ರು?’ ಕಾಕಾ ಕೇಳಿದರು.

‘ಏಳು.’

‘ನೀನು ಚೆಕ್ ಮಾಡುವಾಗ?’

ಯಾರೂ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಆ ಹೆಂಗಸಿಗೆ ಕಾಫಿ ಕೊಯ್ಲಿನ ಆ ಇಡೀ ಸೀಸನ್ ಕೆಲಸಕ್ಕೆ ಹೋಗಲಾಗಲಿಲ್ಲ. ಅಷ್ಟು ದಿನದ ಕೂಲಿಯನ್ನು ನಾನೂ ಆ ಹುಡುಗನೂ ಸೇರಿ ಕೊಟ್ಟೆವು. ಕೊಟ್ಟ ಮಾತ್ರಕ್ಕೆ ನನ್ನ ಮನಸ್ಸಿನ ಭಾರ ಇಳಿದಿಲ್ಲ.

ಆಮೇಲೆ ದೊಡ್ಡ ಟೈರು ಕೇಳಿ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಆ 735 ಮತ್ತು 787ರ ಲೆಕ್ಕವನ್ನೇ ಹೇಳತೊಡಗಿದೆ. ವ್ಯತ್ಯಾಸ 52 ಮಿಲಿಮೀಟರ್. ಅದರಲ್ಲಿ ಗಾಡಿಯ ಹೊಟ್ಟೆ ಮೇಲೇಳುವುದು ಅರ್ಧ ಮಾತ್ರ, 26. ಉಳಿದರ್ಧ ಚಕ್ರದ ಮೇಲ್ಗಡೆ ಮಡ್‌ಗಾರ್ಡಿನ ಜಾಗವನ್ನು ತಿನ್ನುತ್ತದೆ. ಸುತ್ತಳತೆ ನೂರಕ್ಕೆ ಏಳು ಹೆಚ್ಚಾದ್ದರಿಂದ ಮೀಟರು 100 ತೋರಿಸುವಾಗ ಗಾಡಿ 107ರಲ್ಲಿ ಓಡುತ್ತಿರುತ್ತದೆ. ಎಲ್ಲ ಗೇರೂ ಅಷ್ಟೇ ಭಾರವಾಗುತ್ತವೆ. ಚಾರ್ಮಾಡಿಯನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಯುತ್ತದೆ, ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ, ಅದೇ ಬ್ರೇಕು ಹೆಚ್ಚು ತೂಕದ ಚಕ್ರವನ್ನು ನಿಲ್ಲಿಸಬೇಕಾಗುತ್ತದೆ. ಸ್ಟೆಪ್ನಿಯನ್ನು ಹೊತ್ತ ಹಿಂದಿನ ಬಾಗಿಲಿನ ತಿರುಗಣಿ ಜಗ್ಗುತ್ತದೆ. ಕೊಳ್ಳುವುದಾದರೆ ಐದು ಟೈರು ಕೊಳ್ಳಬೇಕು. ನಾಲ್ಕು ಕೊಂಡು ಸ್ಟೆಪ್ನಿ ಹಳೆಯದನ್ನೇ ಇಟ್ಟರೆ, ಪಂಕ್ಚರ್ ಆದ ದಿನ ಒಂದು ಚಕ್ರ ಗಿಡ್ಡ, ಮೂರು ಎತ್ತರ. ಹಾಗೆ ಫ್ರಂಟ್ ಗೇರ್ ಹಾಕಿ, ನಾಲ್ಕೂ ಚಕ್ರ ಎಳೆಯುವಂತೆ ಮಾಡಿ, ಗಟ್ಟಿ ನೆಲದಲ್ಲಿ ಓಡಿಸಿದರೆ ಹೌಸಿಂಗಿನೊಳಗಿನ ಹಲ್ಲುಗಳ ಮೇಲೆ ಬಿಡುವಿಲ್ಲದೆ ಒತ್ತಡ ಬೀಳುತ್ತದೆ. ಕಾನೂನಿನ ಮಾತೂ ಇದೆ: ಕಂಪನಿ ನಿಗದಿ ಮಾಡಿದ್ದಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಕುಸಿದವು, ಚಾರ್ಮಾಡಿ ರಸ್ತೆ ಬಂದ್ ಆಯಿತು. ಅಕ್ಕಿ, ಔಷಧ, ಕಂಬಳಿ ಹೊತ್ತು ಜೀಪುಗಳು ಒಳಗಿನ ಹಳ್ಳಿಗಳಿಗೆ ಹೋಗಿ ಬಂದವು. ಆ ವಾರ ನಾನು ಶಟರ್ ಹಾಕಲಿಲ್ಲ. ರಾತ್ರಿ ಎರಡು ಗಂಟೆಗೂ ಟೈರು ಬಿಚ್ಚುತ್ತಿದ್ದೆ, ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. ಅಂಗಡಿಗೆ ಬಂದ ಟೈರುಗಳೆಲ್ಲ ಕೆಟ್ಟಿದ್ದು ಒಂದೇ ಕಡೆ. ಹಲ್ಲು ಗಟ್ಟಿಯಾಗಿಯೇ ಇತ್ತು, ಮುರಿದ ಬೇರು, ಒಡೆದ ಬಂಡೆಯ ಚೂರು ಪಕ್ಕೆಯನ್ನು ಕೊಯ್ದಿದ್ದವು. ಹಳೆ ಜೀಪು, ಹೊಸ ಥಾರ್, ದೊಡ್ಡ ಟೈರು, ಸಣ್ಣ ಟೈರು ಎಂಬ ಭೇದ ಇರಲಿಲ್ಲ. ಎತ್ತರ ಕಡಿಮೆಯಾಗಿ ಸಿಕ್ಕಿಬಿದ್ದ ಗಾಡಿ ನನ್ನ ಕಣ್ಣಿಗೆ ಬಿದ್ದದ್ದು ಒಂದೋ ಎರಡೋ. ಆ ವಾರದ ಕೊನೆಗೆ ಟೈರನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಮೊದಲು ಪಕ್ಕೆಯನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ, ಆಮೇಲೆ ಹಲ್ಲು.

ಕಾಕಾ 2021ರಲ್ಲಿ ತೀರಿಕೊಂಡರು.

ಕಳೆದ ಮೇ ತಿಂಗಳಲ್ಲಿ ಹುಡುಗಿಯೊಬ್ಬಳು ಹೊಸ ಮಾದರಿಯ ಥಾರ್ ತಂದಳು. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟ ನೋಡಿಕೊಳ್ಳಲು ಬಂದವಳು. ಗಾಡಿಯದು 255/65 ಆರ್ 18, ಅಂದರೆ 789 ಮಿಲಿಮೀಟರ್ ಹತ್ತಿರ. ಕಂಪನಿಯಿಂದಲೇ 31 ಇಂಚು. ನಾನು ಹುಡುಗನಾಗಿದ್ದಾಗ ಕನಸಿನಲ್ಲೂ ಕಾಣದ ಅಳತೆ. ಅವಳಿಗೆ 33 ಇಂಚು ಬೇಕಿತ್ತು.

‘ಯಾಕಮ್ಮಾ?’ ಎಂದೆ.

‘ತೋಟದ ದಾರೀಲಿ ಎರಡು ಸಲ ಟೈರು ಕಟ್ ಆಯ್ತು ಅಂಕಲ್. ದೊಡ್ಡದಾದ್ರೆ ಗಟ್ಟಿ ಇರುತ್ತಲ್ವಾ?’

ಅವಳಿಗೆ ಬೇಕಿದ್ದದ್ದು ಪಕ್ಕೆಯಲ್ಲಿ ಹೆಚ್ಚು ರಬ್ಬರು. 17 ಇಂಚಿನ ರಿಮ್ಮಿಗೆ 265/70 ಟೈರಿನ ಲೆಕ್ಕ ಹಾಕಿ ತೋರಿಸಿದೆ. ಒಟ್ಟು ಎತ್ತರ 803 ಹತ್ತಿರ. ಗಾಡಿ ಏಳುವುದು ಏಳೇ ಮಿಲಿಮೀಟರ್, ಒಂದು ಕಾಫಿ ಬೀಜದ ಅಗಲ. ಆದರೆ ಪಕ್ಕೆ 166ರಿಂದ 185ಕ್ಕೆ ಏರುತ್ತದೆ. ಕಲ್ಲು ತಗಲಿದಾಗ ಬಗ್ಗಲು ಅಷ್ಟು ಹೆಚ್ಚು ರಬ್ಬರು. ಕೆಸರಿನಲ್ಲಿ ಹವಾ 18 ಪೌಂಡಿಗೆ ಇಳಿಸಿದರೆ ಟೈರು ಉದ್ದಕ್ಕೆ ಮಲಗಿ ನೆಲ ಹಿಡಿಯುತ್ತದೆ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಪಕ್ಕೆಯಲ್ಲಿ ಎಲ್‌ಟಿ ಎಂದು ಬರೆದ, ಭಾರದ ಗಾಡಿಗಳಿಗೆ ಮಾಡಿದ ಟೈರನ್ನೇ ಆರಿಸಿದೆವು. ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕೆಯನ್ನು ಅವಳೇ ಬಗ್ಗಿ ಓದಿದಳು.

ಮೊದಲು ಒಂದೇ ಚಕ್ರಕ್ಕೆ ಹಾಕಿದೆ. ನನ್ನ ಹುಡುಗರು ಮೂಟೆ ಹೇರಿದರು, ದಿಮ್ಮಿ ಇಟ್ಟರು. ಸುಣ್ಣ ಬಳಿಯುವುದನ್ನು ನೋಡಿ, ಇದು ಪೂಜೆಯಾ ಎಂದು ಅವಳು ಕೇಳಿದಳು. ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಚಕ್ರದ ಹಿಂದಿನ ಮಣ್ಣುತಡೆಯ ರಬ್ಬರಿನ ಅಂಚಿನಲ್ಲಿ ಉಗುರಿನಷ್ಟು ಬಿಳಿ ಗುರುತು, ಬೇರೆಲ್ಲೂ ಇಲ್ಲ. ಅಷ್ಟನ್ನು ಕತ್ತರಿಸಿ ತೆಗೆದು, ಮತ್ತೆ ಸುಣ್ಣ ಬಳಿದು, ಗಾಡಿಯನ್ನು ಇನ್ನೊಮ್ಮೆ ದಿಮ್ಮಿಯ ಮೇಲೆ ಹತ್ತಿಸಲು ಅವಳಿಗೇ ಹೇಳಿದೆ.