ಕೆಸರು, ಕೊರಡು, ಕ್ಯಾಮೆರಾ

ಬರ್ಕ್ಲಿ ಕಡೆಯಿಂದ ಇಂಟರ್‌ಸ್ಟೇಟ್ 80ರಲ್ಲಿ ಬೇ ಬ್ರಿಡ್ಜ್‌ಗೆ ಹೋಗುವವರಿಗೆ, ಟೋಲ್ ಗೇಟ್ ಬರುವ ಮೊದಲು ಬಲಕ್ಕೆ ಒಂದು ಜೌಗು ಸಿಗುತ್ತದೆ. ಎಮರಿವಿಲ್ ಎಂಬ ಪುಟ್ಟ ಊರಿನ ಅಂಚು ಅದು. ಈಗ ಅಲ್ಲಿ ಹುಲ್ಲು, ನೀರು, ಒಂಟಿ ಕಾಲಲ್ಲಿ ನಿಂತ ಹಕ್ಕಿಗಳು. 1960ರ ದಶಕದ ಆರಂಭದಿಂದ ಸುಮಾರು ಮೂರು ದಶಕ ಅದೇ ಕೆಸರಿನಲ್ಲಿ ಮರದ ಜನ ನಿಂತಿದ್ದರು. ಮರದ ರೈಲು, ಮರದ ವಿಮಾನ, ಕೈ ಚಾಚಿದ ಹೆಂಗಸರು, ಯಾವ ಜಾತಿಯದೆಂದು ಹೇಳಲಾಗದ ಪ್ರಾಣಿಗಳು. ಅರವತ್ತು ಮೈಲಿ ವೇಗದಲ್ಲಿ ಓಡುವ ಕಾರಿನ ಕಿಟಕಿಯಿಂದ ಒಂದು ಗಳಿಗೆ ಕಂಡು ಮರೆಯಾಗುವ ಜನ. ಅಲ್ಲೇ ನಾನು ಫೋಟೊ ತೆಗೆಯಲು ಕಲಿತದ್ದು.

ಅವನ್ನು ಕಟ್ಟಿದವರು ಯಾರು ಎಂದರೆ ಒಂದು ಹೆಸರು ಹೇಳಲಾಗುವುದಿಲ್ಲ. ಓಕ್ಲೆಂಡಿನ ಕಲಾ ಕಾಲೇಜಿನ ಹುಡುಗರು, ಬರ್ಕ್ಲಿಯ ವಿದ್ಯಾರ್ಥಿಗಳು, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪಂದಿರು, ಯಾರೋ ದಾರಿಹೋಕರು. ಕೊಲ್ಲಿಯ ನೀರು ತಂದು ಹಾಕುತ್ತಿದ್ದ ಕೊರಡು, ಮುರಿದ ಹಲಗೆ, ಟೈರು, ತುಕ್ಕು ಹಿಡಿದ ತಗಡು, ಇಷ್ಟೇ ಸಾಮಗ್ರಿ. ಒಂದು ಸುತ್ತಿಗೆ, ಒಂದಿಷ್ಟು ಮೊಳೆ ಇದ್ದರೆ ಸಾಕು. ಅಪ್ಪಣೆ ಕೇಳುವಂತಿರಲಿಲ್ಲ, ಕೇಳಲು ಅಲ್ಲಿ ಯಾರೂ ಇರಲೂ ಇಲ್ಲ. ಇವತ್ತು ನೀವು ಕಟ್ಟಿದ ಕುದುರೆಯ ಕಾಲನ್ನು ನಾಳೆ ಇನ್ನೊಬ್ಬ ಕಿತ್ತು ತನ್ನ ದೋಣಿಗೆ ಹುಟ್ಟು ಮಾಡಿಕೊಳ್ಳಬಹುದಿತ್ತು. ಅದಕ್ಕೆ ಜಗಳವಿರಲಿಲ್ಲ. ಉಳಿದದ್ದನ್ನು ಉಬ್ಬರದ ನೀರು ಒಯ್ಯುತ್ತಿತ್ತು, ಮತ್ತೆ ಹೊಸ ಕೊರಡು ತಂದು ಕೊಡುತ್ತಿತ್ತು. 1971ರ ‘ಹೆರಾಲ್ಡ್ ಅಂಡ್ ಮಾಡ್’ ಸಿನಿಮಾದಲ್ಲಿ ಈ ಬಯಲು ಕಾಣಿಸುತ್ತದೆ.

ನಾನು ಬಂದದ್ದು 1983ರಲ್ಲಿ, ಓದಲು. ಓದಿನ ಜೊತೆಗೆ ಸಂಜೆ ಒಂದು ಫೋಟೊಗ್ರಫಿ ಕ್ಲಾಸಿಗೆ ಸೇರಿಕೊಂಡೆ. ಮಲೆನಾಡಿನ ಸಾಗರದಲ್ಲಿದ್ದಾಗ ಮನೆಯಲ್ಲಿ ಒಂದು ಆಗ್ಫಾ ಕ್ಲಿಕ್ ತ್ರೀ ಇತ್ತು. ರೀಲಿಗೆ ಹನ್ನೆರಡೇ ಚಿತ್ರ. ಮದುವೆ, ಉಪನಯನ, ಜೋಗ ಬಿಟ್ಟರೆ ಅದು ಕಪಾಟಿನಿಂದ ಹೊರಗೆ ಬರುತ್ತಿರಲಿಲ್ಲ. ಇಲ್ಲಿ ಕ್ಲಾಸಿನಲ್ಲಿ ಎಲ್ಲರ ಕೈಯಲ್ಲೂ ಪೆಂಟ್ಯಾಕ್ಸ್ ಕೆ-1000. ನಾನೂ ಒಂದು ಸೆಕೆಂಡ್ ಹ್ಯಾಂಡ್ ಕೊಂಡೆ. ಆ ಕ್ಯಾಮೆರಾದಲ್ಲಿ ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಫೋಕಸ್, ಅಪರ್ಚರ್, ಷಟರ್ ಎಲ್ಲವನ್ನೂ ಬೆರಳೇ ತಿರುಗಿಸಬೇಕು. ಗೊತ್ತಿಲ್ಲದ್ದನ್ನು ಅದು ನಮ್ಮ ಪರವಾಗಿ ಮಾಡಿಕೊಡುತ್ತಿರಲಿಲ್ಲ. 1976ರಿಂದ ಎರಡು ದಶಕ ಅಮೆರಿಕದ ಫೋಟೊಗ್ರಫಿ ವಿದ್ಯಾರ್ಥಿಗಳ ಕೊರಳಲ್ಲಿ ತೂಗಿದ್ದು ಅದೇ.

ಮೇಷ್ಟ್ರು ನಮ್ಮನ್ನು ಕೆಸರು ಬಯಲಿಗೆ ಕರೆದೊಯ್ಯುವ ಮುಂಚೆ ಉಬ್ಬರ–ಇಳಿತದ ಪಟ್ಟಿ ನೋಡಲು ಕಲಿಸಿದರು. ಇಳಿತದ ಹೊತ್ತಿಗೆ ಹೋಗಬೇಕು, ನೀರು ಏರುವುದರೊಳಗೆ ವಾಪಸು ಬರಬೇಕು. ಮೊಣಕಾಲವರೆಗೆ ರಬ್ಬರ್ ಬೂಟು, ಟ್ರೈಪಾಡಿನ ಕಾಲು ಹೂತುಹೋಗದಂತೆ ಅಡಿಗೆ ಹಲಗೆ ತುಂಡು. ಕೊಳೆತ ಪಾಚಿ, ಗಂಧಕದ ನಾತ. ಆ ವಾಸನೆ ಬಟ್ಟೆಗೆ ಹತ್ತಿದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

ಬೆಳಕಿನ ವಿಷಯಕ್ಕೆ ಅದಕ್ಕಿಂತ ಕಠಿಣವಾದ ಪಾಠಶಾಲೆಯನ್ನು ನಾನು ಕಂಡಿಲ್ಲ. ಸೂರ್ಯ ಇಳಿಯುವುದು ಎದುರಿನ ಸ್ಯಾನ್‌ಫ್ರಾನ್ಸಿಸ್ಕೊದ ಹಿಂದೆ. ಬೊಂಬೆಗಳೆಲ್ಲ ಬೆಳಕಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಕೆಳಗೆ ಒದ್ದೆ ಕೆಸರು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕ್ಯಾಮೆರಾದ ಮೀಟರಿಗೆ ತಿಳಿದದ್ದು ಒಂದೇ ಲೆಕ್ಕ: ಎದುರಿಗಿರುವುದೆಲ್ಲ ಸೇರಿ ನಡುಬೂದು ಬಣ್ಣ. ಹೊಳೆಯುವ ಕೆಸರು ನೋಡಿ ಅದು ಬೆಳಕು ಜಾಸ್ತಿಯಾಯಿತು ಅನ್ನುತ್ತದೆ. ಅದರ ಮಾತು ನಂಬಿದರೆ ಕೊರಡಿನ ಗೆರೆ, ಗಂಟು, ಮೊಳೆಯ ತುಕ್ಕು ಎಲ್ಲ ಕಪ್ಪಾಗಿ ಮುಚ್ಚಿಹೋಗುತ್ತವೆ. ಮೇಷ್ಟ್ರು ಹೇಳಿಕೊಟ್ಟ ಉಪಾಯ ಸರಳವಾಗಿತ್ತು. ಬೊಂಬೆಯ ಮೇಲೆ ಬೀಳುವ ಬೆಳಕಿನಲ್ಲೇ ಅಂಗೈ ಹಿಡಿದು ಅದನ್ನು ಅಳೆಯಿರಿ, ಆಮೇಲೆ ಒಂದು ಸ್ಟಾಪ್ ಹೆಚ್ಚಿಗೆ ಬೆಳಕು ಕೊಡಿ. ಮೈಬಣ್ಣ ಯಾವುದಿದ್ದರೂ ಅಂಗೈ ಬಣ್ಣ ಹೆಚ್ಚುಕಡಿಮೆ ಒಂದೇ ಎಂದರು. ಆ ಸಂಜೆ ಬಿಳಿಯರು, ಕರಿಯರು, ಒಬ್ಬಳು ಕೊರಿಯಾದ ಹುಡುಗಿ, ಮಲೆನಾಡಿನ ನಾನು, ಎಲ್ಲರೂ ಕೆಸರಿನಲ್ಲಿ ನಿಂತು ನಮ್ಮ ನಮ್ಮ ಅಂಗೈ ನೋಡಿಕೊಂಡೆವು.

ನಾಳೆ ಬಂದು ತೆಗೆದರಾಯಿತು ಅನ್ನುವಂತಿರಲಿಲ್ಲ, ನಾಳೆಗೆ ಆ ಬೊಂಬೆ ಇರುವ ಖಾತ್ರಿಯೇ ಇಲ್ಲ. ಮೂವತ್ತಾರು ಚಿತ್ರದ ಟ್ರೈ-ಎಕ್ಸ್ ರೀಲು ವಿದ್ಯಾರ್ಥಿಯ ಜೇಬಿಗೆ ಸಣ್ಣ ಖರ್ಚಲ್ಲ. ಹಾಗಾಗಿ ಸುತ್ತುತ್ತಿದ್ದೆವು. ಕೂತು ನೋಡುತ್ತಿದ್ದೆವು. ಎರಡು ಹೆಜ್ಜೆ ಎಡಕ್ಕೆ ಹೋದರೆ ಹಿಂದಿನ ಹೈವೇ ಕಂಬ ಬೊಂಬೆಯ ತಲೆಯಿಂದ ಮೊಳೆತಂತೆ ಕಾಣುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆವು. ಒಂದು ಗಂಟೆ ನೋಡಿ ಮೂರು ಸಲ ಒತ್ತುವುದು ನಮಗೆ ಸಹಜವಾಗಿತ್ತು. ಆ ನಿಧಾನ ಈಗ ಹೋಗಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಅದರದ್ದೇ.

ತೆಗೆದ ಮೇಲೆ ಡಾರ್ಕ್ ರೂಮು. ಸಾಗರದ ಪೇಟೆಯಲ್ಲಿ ಒಂದು ಸ್ಟುಡಿಯೊದ ಒಳಕೋಣೆಯಲ್ಲಿ, ಹುಡುಗನಾಗಿದ್ದಾಗ ನಾನು ಕೆಂಪು ಬಲ್ಬಿನ ಕೆಳಗೆ ಕಾಗದದ ಮೇಲೆ ಮುಖ ಮೂಡುವುದನ್ನು ನೋಡಿದ್ದೆ. ಸ್ಟುಡಿಯೊದವರು “ಫೋಟೊ ತೊಳೆಯೋದು” ಅನ್ನುತ್ತಿದ್ದರು. ಟ್ರೇಯಲ್ಲಿ ಡೆವಲಪರ್, ಪಕ್ಕದಲ್ಲಿ ಹೈಪೊ, ದಾರಕ್ಕೆ ಕ್ಲಿಪ್ ಹಾಕಿ ತೂಗಿದ ಒದ್ದೆ ಪ್ರಿಂಟು. ಹದಿನಾಲ್ಕು ಸಾವಿರ ಕಿಲೋಮೀಟರ್ ದಾಟಿ ಬಂದರೂ ಕೋಣೆ ಅದೇ, ನಾತ ಅದೇ. ಬೊಂಬೆಯ ಮುಖಕ್ಕೆ ಬೆಳಕು ಸಾಲದಿದ್ದರೆ ಎನ್ಲಾರ್ಜರ್ ಕೆಳಗೆ ಬೆರಳು ಆಡಿಸಿ ಅಲ್ಲಿಗೆ ಬೀಳುವ ಬೆಳಕು ತಡೆಯುವುದು, ಆಕಾಶ ಬೆಳ್ಳಗಾದರೆ ಅಲ್ಲಿಗಷ್ಟೇ ಇನ್ನೂ ಹತ್ತು ಸೆಕೆಂಡ್ ಬೆಳಕು ಕೊಡುವುದು. ಪಕ್ಕದ ಟ್ರೇಯಲ್ಲಿ ಇನ್ನೊಬ್ಬರ ಚಿತ್ರ ಮೂಡುತ್ತಿರುತ್ತದೆ. ಅದೇ ಬೊಂಬೆ, ಬೇರೆ ಕಣ್ಣು. ಕಲಿಕೆಯ ಅರ್ಧಪಾಲು ಆ ಪಕ್ಕದ ಟ್ರೇಯಲ್ಲಿತ್ತು.

ನಮ್ಮ ಹಿಂದಿನವರ ಹೆಜ್ಜೆಗಳೂ ಅಲ್ಲೇ ಸುತ್ತಮುತ್ತ ಇದ್ದವು. ಎಮರಿವಿಲ್‌ನಿಂದ ನಡೆದೇ ಹೋಗಬಹುದಾದ ಓಕ್ಲೆಂಡಿನ ಬ್ರಾಕ್‌ಹರ್ಸ್ಟ್ ಬೀದಿಯಲ್ಲಿ, 683ನೇ ನಂಬರಿನ ವಿಲರ್ಡ್ ವ್ಯಾನ್ ಡೈಕ್ ಸ್ಟುಡಿಯೊದಲ್ಲಿ 1932ರಲ್ಲಿ ಆನ್ಸೆಲ್ ಆಡಮ್ಸ್, ಇಮೊಜೆನ್ ಕನ್ನಿಂಗ್‌ಹ್ಯಾಮ್, ಎಡ್ವರ್ಡ್ ವೆಸ್ಟನ್ ಮುಂತಾದವರು ಸೇರಿ ‘ಗ್ರೂಪ್ ಎಫ್/64’ ಕಟ್ಟಿದರು. ಎಫ್/64 ಅಂದರೆ ಲೆನ್ಸಿನ ತೀರ ಕಿರಿದಾದ ಕಿಂಡಿ. ಹತ್ತಿರದ ಕಲ್ಲು, ದೂರದ ಬೆಟ್ಟ ಎರಡೂ ಒಂದೇ ಸಮ ಚೊಕ್ಕವಾಗಿ ಬೀಳುತ್ತವೆ. ಫೋಟೊವನ್ನು ಮಂಜು ಮಂಜಾಗಿಸಿ ಪೇಂಟಿಂಗಿನಂತೆ ತೋರಿಸುವ ಕಾಲದಲ್ಲಿ, ಇದ್ದದ್ದನ್ನು ಇದ್ದಂತೆ ನೋಡೋಣ ಎಂದು ಹಟ ಹಿಡಿದವರು ಅವರು. ಕೊಲ್ಲಿಯ ಆಚೆ ದಡದ ಕಲಾಶಾಲೆಯಲ್ಲಿ ಅದೇ ಆಡಮ್ಸ್ 1945ರಲ್ಲಿ ಫೋಟೊಗ್ರಫಿ ವಿಭಾಗ ಆರಂಭಿಸಿದರು. ಮೈನರ್ ವೈಟ್, ಡೊರೊಥಿಯಾ ಲ್ಯಾಂಗ್ ಅಲ್ಲಿ ಪಾಠ ಮಾಡಿದರು. ಲ್ಯಾಂಗ್ ಅವರ ನೆಗೆಟಿವ್‌ಗಳ ದೊಡ್ಡ ಭಂಡಾರ ಓಕ್ಲೆಂಡ್ ಮ್ಯೂಸಿಯಂನಲ್ಲಿದೆ. ಬಯಲಿನಿಂದ ಬೂಟು ತೊಳೆದುಕೊಂಡು ಮ್ಯೂಸಿಯಂಗೆ ಹೋಗಿ ಅವರ ಪ್ರಿಂಟುಗಳ ಮುಂದೆ ನಿಲ್ಲುವುದು, ಮತ್ತೆ ಬಯಲಿಗೆ ಬರುವುದು. ದೊಡ್ಡವರ ಕೆಲಸಕ್ಕೂ ಕಲಿಯುವವನ ಕೈಗೂ ನಡುವೆ ಒಂದು ಬಸ್ಸಿನ ದೂರವಿತ್ತು, ಅಷ್ಟೆ.

ಅಪ್ಪ ಊರಿನಿಂದ ಬಂದಾಗ ಮೊದಲು ಗೋಲ್ಡನ್ ಗೇಟ್ ತೋರಿಸಬೇಕಿತ್ತು. ನಾನು ಮೊದಲು ಈ ಕೆಸರಿಗೆ ಕರೆದೊಯ್ದೆ. ಅವರು ಪಂಚೆಯ ಮೇಲೆ ಕೋಟು ಹಾಕಿಕೊಂಡು ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು. “ಗದ್ದೆ ಇಲ್ಲ, ಪೈರಿಲ್ಲ, ಬೆರ್ಚಪ್ಪಗಳು ಮಾತ್ರ ಎಷ್ಟೊಂದು ನಿಲ್ಸಿದ್ದಾರೆ ಮಾರಾಯ” ಅಂದರು.

“ಯಾರು ಮಾಡಿದ್ದು?”

“ಗೊತ್ತಿಲ್ಲ ಅಪ್ಪ. ಯಾರೂ ಹೆಸರು ಹಾಕಲ್ಲ.”

“ನಮ್ಮ ಬಳ್ಳಿಗಾವಿಯ ದಾಸೋಜ ಬೇಲೂರಿಗೆ ಹೋಗಿ ಕೆತ್ತಿದಾಗ ಕಲ್ಲಿನ ಮೇಲೆ ಹೆಸರು ಹಾಕಿಕೊಂಡು ಬಂದ. ಇವರಿಗೆ ಅದೂ ಬೇಡ್ವಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹಾಗೆ ನಿಂತಿದ್ದಾಗ ತೆಗೆದ ಚಿತ್ರ ನನ್ನಲ್ಲಿದೆ. ಹಿಂದೆ ಮರದ ಕುದುರೆ, ಮುಂದೆ ಮಫ್ಲರ್ ಸುತ್ತಿದ ಅಪ್ಪ.

ಬಯಲು ಮುಗಿದದ್ದು ಕೆಟ್ಟ ಕಾರಣಕ್ಕಲ್ಲ. ಅದನ್ನು ಒಪ್ಪಿಕೊಂಡೇ ದುಃಖಿಸಬೇಕಾಗಿದೆ. 1950ರ ದಶಕದಲ್ಲಿ ಕೊಲ್ಲಿಗೆ ಕಸ, ಮಣ್ಣು ಸುರಿದು ನಿವೇಶನ ಮಾಡುವ ಯೋಜನೆಗಳು ಎಲ್ಲೆಡೆ ಇದ್ದವು. 1961ರಲ್ಲಿ ಕೇ ಕರ್, ಸಿಲ್ವಿಯಾ ಮೆಕ್‌ಲಾಕ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಹೆಣ್ಣುಮಕ್ಕಳು ಅದನ್ನು ತಡೆಯಲು ನಿಂತರು. ಅವರು ನಿಲ್ಲದಿದ್ದರೆ ಬೊಂಬೆ ನಿಲ್ಲಿಸಲು ಕೆಸರೇ ಉಳಿಯುತ್ತಿತ್ತೋ ಇಲ್ಲವೋ. ಮುಂದೆ ಅದೇ ಕಾಳಜಿ ಬೆಳೆದು, ಜೌಗಿನಲ್ಲಿ ಗೂಡು ಕಟ್ಟುವ, ಅಳಿವಿನ ಅಂಚಿನಲ್ಲಿರುವ ಹಕ್ಕಿಗಳಿಗೆ ಜನರ ತುಳಿತ ತಪ್ಪಿಸಬೇಕೆಂದಾಯಿತು. 1990ರ ದಶಕ ಮುಗಿಯುವ ಹೊತ್ತಿಗೆ ಕೊನೆಯ ಬೊಂಬೆಗಳೂ ಹೋದವು. 2002ರಲ್ಲಿ ಈ ದಂಡೆ ಸ್ಟೇಟ್ ಪಾರ್ಕ್ ಆಯಿತು. ಈಗ ಅದಕ್ಕೆ ಮೆಕ್‌ಲಾಕ್ಲಿನ್ ಅವರದ್ದೇ ಹೆಸರು. ಹಕ್ಕಿಗಳಿಗೆ ಜಾಗ ಸಿಕ್ಕಿದ್ದಕ್ಕೆ ನನಗೆ ಸಂತೋಷವಿದೆ. ಆದರೆ ಬೊಂಬೆ ಕಟ್ಟುವವರಿಗೆ, ಅವನ್ನು ನೋಡಿ ಕಲಿಯುವವರಿಗೆ ಬೇರೆ ಜಾಗವನ್ನು ಯಾರೂ ತೋರಿಸಲಿಲ್ಲ. ಅದು ಆಗಬೇಕಿತ್ತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಕೆ-1000 ತಯಾರಿಕೆ ನಿಂತದ್ದು 1997ರಲ್ಲಿ. ಆಡಮ್ಸ್ ವಿಭಾಗ ಕಟ್ಟಿದ ಸ್ಯಾನ್‌ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ ನೂರೈವತ್ತು ವರ್ಷ ದಾಟಿ ಬಾಳಿ 2022ರಲ್ಲಿ ಮುಚ್ಚಿತು. ಬಯಲಿಗೆ ಹುಡುಗರನ್ನು ಕಳಿಸಿದ ಕಲಾ ಕಾಲೇಜು ತನ್ನ ಓಕ್ಲೆಂಡ್ ಕ್ಯಾಂಪಸ್ಸನ್ನು ಅದೇ ವರ್ಷ ತೊರೆಯಿತು. ನಮ್ಮ ಕಡೆಯ ಕತೆಯೂ ಬೇರೆಯಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಫಿಲ್ಮಿನಲ್ಲಿ ಕಲಿತವರು ಕರ್ನಾಟಕದಲ್ಲಿ ಎಷ್ಟಿಲ್ಲ. ಆ ಕಾರ್ಖಾನೆ ಈಗಿಲ್ಲ. ಇ. ಹನುಮಂತರಾಯರು, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡಿನ ಕಪ್ಪು–ಬಿಳುಪು ಚಿತ್ರಗಳಿಂದ ಬೆಂಗಳೂರಿಗೆ ಜಗತ್ತಿನ ಹೆಸರು ತಂದರು. 1971ರಲ್ಲಿ ಶುರುವಾದ ಅಲ್ಲಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇವತ್ತಿಗೂ ಇದೆ, ಅದು ಸಮಾಧಾನ. ಆದರೆ ಸಾಗರದ ಆ ಒಳಕೋಣೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಎಮರಿವಿಲ್ ಇವತ್ತು ಸಿರಿವಂತ ಊರು. ಡೆಲ್ ಮಾಂಟೆ ಹಣ್ಣಿನ ಡಬ್ಬಿ ಕಾರ್ಖಾನೆಯಿದ್ದ ಜಾಗಕ್ಕೆ 2000ದಲ್ಲಿ ಪಿಕ್ಸಾರ್ ಬಂತು. ಒಲೋನಿ ಜನರ ಸಾವಿರಾರು ವರ್ಷಗಳ ಚಿಪ್ಪಿನ ದಿಬ್ಬವಿದ್ದ ಜಾಗದ ಮೇಲೆ 2002ರಲ್ಲಿ ಬೇ ಸ್ಟ್ರೀಟ್ ಮಾಲ್ ಎದ್ದಿತು. ಊರಿನಲ್ಲಿ ಕಲೆ ಇಲ್ಲವೆನ್ನಲಾರೆ. ಕಟ್ಟಡ ಕಟ್ಟುವವರು ವೆಚ್ಚದ ಒಂದು ಪಾಲನ್ನು ಸಾರ್ವಜನಿಕ ಕಲೆಗೆ ಕೊಡಬೇಕೆಂಬ ನಿಯಮವಿದೆ. ಹಳೆಯ ಗೋದಾಮುಗಳಲ್ಲಿ ಕಲಾವಿದರ ಸಹಕಾರ ಸಂಘದವರು ಈಗಲೂ ವಾಸವಿದ್ದಾರೆ. ಆದರೆ ಆ ಶಿಲ್ಪಗಳು ಬೋಲ್ಟು ಹಾಕಿ ಬಿಗಿದವು, ಪಕ್ಕದಲ್ಲಿ ಫಲಕ, ಫಲಕದಲ್ಲಿ ಹೆಸರು. ನೋಡಬಹುದು, ಮುಟ್ಟಿ ಬದಲಿಸುವಂತಿಲ್ಲ.

ಕಳೆದ ವಾರ ಮರೀನಾ ಕಡೆ ನಾಲ್ಕಾರು ಎಳೆಯರು ಕ್ಯಾಮೆರಾ ಹಿಡಿದು ನಿಂತಿದ್ದರು. ಒಬ್ಬಳ ಕೊರಳಲ್ಲಿ ಕೆ-1000. ಅಜ್ಜನದಂತೆ. ಫಿಲ್ಮ್ ತುಂಬ ದುಬಾರಿ ಅಂದಳು, ತೊಳೆಯಲು ಅಂಚೆಯಲ್ಲಿ ಕಳಿಸುತ್ತಾಳಂತೆ, ವಾಪಸ್ ಬರುವುದು ಸ್ಕ್ಯಾನ್. ಪ್ರಿಂಟ್ ಮೂಡುವುದನ್ನು ಅವಳು ಕಣ್ಣಾರೆ ಕಂಡಿಲ್ಲ. ಆಸೆಯೇನೋ ಕಣ್ಣಲ್ಲಿ ತುಂಬಿತ್ತು. ಅವಳಿಗೆ ಕೊರತೆಯಿರುವುದು ಪ್ರತಿಭೆಯದಲ್ಲ. ಕಾಸು ಕೇಳದ ಬಯಲು, ಪಕ್ಕದ ಟ್ರೇ, ಬಸ್ಸಿನ ದೂರದಲ್ಲಿರುವ ಮೇಷ್ಟ್ರು. ಅಂಗೈ ಹಿಡಿದು ಬೆಳಕು ಅಳೆಯುವುದನ್ನು ನಾನು ತೋರಿಸಿಕೊಟ್ಟೆ. ಉಳಿದವರೂ ಬಂದು ನೋಡಿಕೊಂಡರು.

ಈ ಕಡೆಯ ಕನ್ನಡ ಕೂಟ 1973ರಲ್ಲಿ ಹುಟ್ಟಿದ್ದು. ಆ ಕಾಲಕ್ಕೆ ಬಂದು ನೆಲೆಸಿದವರ ಮನೆಗಳಲ್ಲಿ ಶನಿವಾರ ರಾತ್ರಿ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಕೊಡ್ಯಾಕ್ ಕ್ಯಾರೊಸೆಲ್ ಪ್ರೊಜೆಕ್ಟರಿನಲ್ಲಿ ಸ್ಲೈಡ್ ತೋರಿಸುವ ರೂಢಿಯಿತ್ತು. ಚಿತ್ರಾನ್ನ ತಿನ್ನುತ್ತಾ ಬೇ ಬ್ರಿಡ್ಜ್, ಹೊಸ ಕಾರು, ಊರಿನಿಂದ ಬಂದ ಅತ್ತೆ–ಮಾವ ಎಲ್ಲ ನೋಡುತ್ತಿದ್ದೆವು. ಆ ಚಿತ್ರಗಳ ಮೂಲೆಯಲ್ಲಿ ಎಷ್ಟೋ ಸಲ ಒಂದು ಮರದ ತೋಳು, ಒಂದು ತಗಡಿನ ರೆಕ್ಕೆ ಇಣುಕುತ್ತಿತ್ತು. ಮಾಡಿದವರು ಹೆಸರು ಬಿಟ್ಟುಹೋಗದ ಆ ಬೊಂಬೆಗಳು ಈಗಿರುವುದು ಅಂಥ ಚಿತ್ರಗಳಲ್ಲೇ. ಆ ಹಿರಿಯರ ಮಕ್ಕಳು ಮನೆ ಖಾಲಿ ಮಾಡುವಾಗ ಸ್ಲೈಡ್ ಡಬ್ಬಿಗಳನ್ನು ದಯವಿಟ್ಟು ಎಸೆಯಬೇಡಿ. ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ. ಹಿಂದೆ ಕೆಸರು, ಕೊರಡು ಕಂಡರೆ ಅಂಚಿನ ಮೇಲೆ ಪೆನ್ಸಿಲಿನಲ್ಲಿ ವರ್ಷ ಬರೆದು, ಒಂದು ಪ್ರತಿಯನ್ನು ಎಮರಿವಿಲ್ ಹಿಸ್ಟಾರಿಕಲ್ ಸೊಸೈಟಿಯವರಿಗೆ ತಲುಪಿಸಿ. ನನ್ನ ನೆಗೆಟಿವ್‌ಗಳನ್ನು ವಿಂಗಡಿಸಲು ಶುರು ಮಾಡಿದ್ದೇನೆ. ಅಪ್ಪ ನಿಂತಿರುವ ಚಿತ್ರವೂ ಅವುಗಳ ಜೊತೆಗೆ ಹೋಗುತ್ತದೆ.