ನಾಲ್ಕು ತಾಲ್ಲೂಕು, ಒಂದು ಮೆಟಡೋರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸುತ್ತಿ ಬರಲು ಬಸ್ಸುಗಳಿಗೇನೂ ಬರವಿಲ್ಲ. ಆದರೆ ವಿಜಯಪುರ ಜಿಲ್ಲೆಯ ಈ ಎರೆಸೀಮೆಯನ್ನು ಸಾವಕಾಶವಾಗಿ ನೋಡಬೇಕೆಂದರೆ ಹಳೆಯ ಮೆಟಡೋರ್ ವ್ಯಾನೇ ಸರಿ. ಒಂದು ಕಾಲಕ್ಕೆ ಇಡೀ ಕುಟುಂಬ ಇಂಥ ಗಾಡಿಯಲ್ಲಿ ಜಾತ್ರೆಗೆ ಹೊರಡುತ್ತಿತ್ತು. ಮೇಲೆ ಹಾಸಿಗೆಯ ಗಂಟು, ಒಳಗೆ ಸ್ಟೋವು, ನೀರಿನ ಕೊಡ, ರೊಟ್ಟಿ ಬುಟ್ಟಿ. ವಿದೇಶದವರು ಇದನ್ನೇ ‘ಕ್ಯಾಂಪರ್ ವ್ಯಾನ್’ ಎಂದು ಕರೆದು ಮುದ್ದಿನಿಂದ ಸಾಕುತ್ತಾರೆ. ಅಲ್ಲೊಂದು ಮುಗಿಯದ ಜಗಳವೂ ಇದೆ. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಗಾಳಿಯಿಂದ ತಣಿಯುವ ಎಂಜಿನ್ ಕಿತ್ತು, ನೀರಿನಿಂದ ತಣಿಯುವ ಸುಬಾರು ಎಂಜಿನ್ ಕೂರಿಸುವುದು ಸರಿಯೋ, ಮೂಲದ್ದನ್ನೇ ಉಳಿಸುವುದು ಸರಿಯೋ?

ಇಂಡಿಯಲ್ಲಿ ನಾವು ಹತ್ತಿದ ಮೆಟಡೋರ್ ಲಿಂಬೆ ಚೀಲ ಹೊತ್ತು ಹೊತ್ತು ಸವೆದದ್ದು. ಎಂಜಿನ್ ಮಾತ್ರ ಬೇರೆ. ಕೇಳಿದ್ದಕ್ಕೆ ಮಾಲೀಕರು ನಕ್ಕರು: “ಬಂಡಿ ನಮ್ಮಪ್ಪಂದರಿ, ಎತ್ತು ಬದಲಿ ಆಗ್ಯಾವ. ಹಂಗಂತ ಬಂಡಿ ಬ್ಯಾರೆಯವರದು ಆಗ್ತದೇನ್ರಿ?”

ಮೆಟಡೋರಿನ ಚರಿತ್ರೆಯೂ ಅವರ ಪರವಾಗಿದೆ. 1949ರಲ್ಲಿ ಜರ್ಮನಿಯ ಟೆಂಪೊ ಕಂಪನಿ ಇದನ್ನು ಹೊರತಂದಾಗ ಒಳಗಿದ್ದದ್ದು ಫೋಕ್ಸ್‌ವ್ಯಾಗನ್ ಎಂಜಿನ್. ಆ ಪೂರೈಕೆ ನಿಂತ ಮೇಲೆ ಬೇರೆ ಎಂಜಿನ್ ಬಂತು. ಮುಂದೆ ಇಂಗ್ಲೆಂಡಿನ ಆಸ್ಟಿನ್ ಎಂಜಿನ್ನೂ ಬಂತು. ನಮ್ಮಲ್ಲಿ ಇದನ್ನು ತಯಾರಿಸಿದ ಪುಣೆಯ ಬಜಾಜ್ ಟೆಂಪೊ, ಅಂದರೆ ಇಂದಿನ ಫೋರ್ಸ್ ಮೋಟಾರ್ಸ್, ಮರ್ಸಿಡಿಸ್ ಬೆಂಝ್‌ನ ಓಎಂ 616 ಡೀಸೆಲ್ ಎಂಜಿನ್ನಿಗೆ ಪರವಾನಗಿ ಪಡೆಯಿತು. ಹಾಗಾದರೆ ಇವುಗಳಲ್ಲಿ ‘ಮೂಲ’ ಯಾವುದು?

ಸಿಂದಗಿಯಲ್ಲಿ ಚಹಾ ಕುಡಿಯುತ್ತ ಮೆಕ್ಯಾನಿಕ್ ಒಬ್ಬರು ಇನ್ನೊಂದು ಮಗ್ಗುಲು ತೋರಿಸಿದರು. ಬಲವಾದ ಎಂಜಿನ್ ಇಳಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಅದು ಕೂರುವ ಫೌಂಡೇಶನ್, ಕ್ಲಚ್, ರೇಡಿಯೇಟರ್, ಮುಂದಿನ ಪಾಟಾ ಎಲ್ಲವೂ ಆ ಭಾರಕ್ಕೆ ಒಗ್ಗಬೇಕು. ಓಟ ಹೆಚ್ಚಿದ ಮೇಲೆ ಬ್ರೇಕು ಹಳೆಯದೇ ಉಳಿದರೆ ಅಪಾಯ ಒಳಗೇ ಕುಳಿತಂತೆ.

ಕಾನೂನಿನ ಮಾತೂ ಇದೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎರಡೂ ಆರ್.ಸಿ. ಪುಸ್ತಕದಲ್ಲಿರುತ್ತವೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪುಸ್ತಕದಲ್ಲಿ ಒಂದು ಎಂಜಿನ್, ಗಾಡಿಯಲ್ಲಿ ಇನ್ನೊಂದು ಇದ್ದರೆ, ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯಬಹುದು. ಜಾತ್ರೆಗೆ ಹೊರಟ ಹತ್ತು ಜನರ ಪ್ರಾಣದ ಪ್ರಶ್ನೆಯಿದು.

ಹಾಗೆಂದು ಮೂಲ ಎಂಜಿನ್ನನ್ನೇ ಉಳಿಸಿದರೆ? 2021ರ ವಿಂಟೇಜ್ ವಾಹನ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಖಾಸಗಿ ವಾಹನಕ್ಕೆ ಪ್ರತ್ಯೇಕ ನೋಂದಣಿಯ ಗೌರವ ಉಂಟು. ಆದರೆ ಅದು ಪ್ರದರ್ಶನಕ್ಕೆ, ರ‍್ಯಾಲಿಗೆ, ದಿನನಿತ್ಯದ ಓಡಾಟಕ್ಕಲ್ಲ.

ತಾಳಿಕೋಟೆ ಹಾದು ಮುದ್ದೇಬಿಹಾಳ ತಲುಪಿ, ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ಇಳಿದೆವು. ನೀಲಾಂಬಿಕೆಯ ನೆನಪಿನ ಊರು. ಹೊಳೆಯ ಗಾಳಿಗೆ ಬುತ್ತಿ ಬಿಚ್ಚಿದಾಗ ಗಾಡಿಯ ನೆರಳೇ ನಮಗೆ ಚಪ್ಪರ. ಅಲ್ಲಿಂದ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಸ್ಥಾವರ, ಜಂಗಮ ಎಂಬ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಕದಲದೆ ಪೂಜೆಗೊಳ್ಳುವ ಗಾಡಿ ಒಂದು, ಬದಲಾಗುತ್ತ ಓಡುವ ಗಾಡಿ ಇನ್ನೊಂದು. ಮೆಟಡೋರ್ ಓಡಲೆಂದೇ ಹುಟ್ಟಿದ್ದು. ನನ್ನ ಮತ ಓಡುವುದಕ್ಕೇ.

ಆದರೆ ನಿಮ್ಮ ಮನೆಯಲ್ಲೂ ಇಂಥ ಗಾಡಿಯಿದ್ದರೆ ಎರಡು ಮಾತು ಮರೆಯಬೇಡಿ. ಎಂಜಿನ್ ಬದಲಿಸುವ ಮೊದಲೇ ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯಿರಿ. ಕಿತ್ತ ಎಂಜಿನ್ನನ್ನು ಗುಜರಿಗೆ ತೂಗಿಕೊಡದೆ, ಎಣ್ಣೆ ಹಚ್ಚಿ ಗೋಣಿ ಹೊದಿಸಿಡಿ. ಅಪ್ಪನ ಬಂಡಿಗೆ ಮೊದಲು ಹೂಡಿದ ಎತ್ತು ಯಾವುದೆಂದು ಮೊಮ್ಮಕ್ಕಳು ಮುಂದೊಂದು ದಿನ ಕೇಳಿಯಾರು.