ಅತ್ತೆಯ ಅಂಗಳದಲ್ಲಿ ಕಳೆದುಹೋದ ನೆರಳು

ಬೇಸಿಗೆ ರಜೆಗೆ ಹೋಗಲು ಅತ್ತೆಯ ಮನೆಯೊಂದಿರುವ ಮಕ್ಕಳು ಪುಣ್ಯವಂತರು. ಅಮ್ಮನಿಗೆ ಬೈಯುವ ಕೆಲಸವಿರುತ್ತದೆ, ಅಪ್ಪನಿಗೆ ಲೆಕ್ಕ ಕೇಳುವ ಕೆಲಸವಿರುತ್ತದೆ, ಮೇಷ್ಟ್ರಿಗೆ ಅಂಕ ಕೊಡುವ ಕೆಲಸವಿರುತ್ತದೆ. ಈ ಮೂರೂ ಇಲ್ಲದ ಹಿರಿಯರೊಬ್ಬರು ಪ್ರತಿ ಮಗುವಿಗೂ ಬೇಕು. ಸಾಗರದಿಂದ ಕೆಲವು ಮೈಲಿ ದೂರದ ಅಡಿಕೆ ತೋಟದ ಮನೆಯಲ್ಲಿರುವ ಈ ಅತ್ತೆ ಅಂಥವರು. ಓದಿದ್ದು ಏಳನೆಯ ತರಗತಿ. ಸ್ವಂತ ಮಕ್ಕಳು ದೊಡ್ಡವರಾಗಿ ಊರು ಬಿಟ್ಟಿದ್ದಾರೆ. ಏಪ್ರಿಲ್ ತಿಂಗಳ ನಡುವಿನಲ್ಲಿ ಬೆಂಗಳೂರಿನಿಂದ ತಮ್ಮನ ಮೂವರು ಮಕ್ಕಳು ಬಂದಿಳಿದರೆಂದರೆ ಆ ಮನೆಯ ಮೌನಕ್ಕೆ ಎರಡು ತಿಂಗಳ ರಜೆ.

ಆ ವರ್ಷ ಕಿರಿಯವನಿಗೆ ಐದು ವರ್ಷ. ನಡುವಿನ ಹುಡುಗಿ ಆರನೆಯ ತರಗತಿಗೆ ಹೋಗಬೇಕಾದವಳು. ದೊಡ್ಡವನು ಒಂಬತ್ತನ್ನು ಮುಗಿಸಿ ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ನಿಂತಿದ್ದ. ಹೊಸ್ತಿಲು ಎಡವಿಯೇ ಬಂದಿದ್ದನೆನ್ನಬೇಕು. ಏಪ್ರಿಲ್ 10ರಂದು ಕೈಗೆ ಬಂದ ಅಂಕಪಟ್ಟಿಯಲ್ಲಿ ವಿಜ್ಞಾನಕ್ಕೆ 36 ಇತ್ತು. ನೆರೆಮನೆಯವರು ಕಾಫಿ ಕುಡಿಯುತ್ತ ಕೂತಿದ್ದ ಹೊತ್ತಿನಲ್ಲೇ ಅಪ್ಪ, “ನಿನ್ನ ತಲೆಗೆ ವಿಜ್ಞಾನ ಹತ್ತುವುದಿಲ್ಲ, ಬಿಡು” ಎಂದುಬಿಟ್ಟಿದ್ದರು. ಅಂದಿನಿಂದ ಹುಡುಗ ಮಾತು ಕಡಿಮೆ ಮಾಡಿದ್ದ. ದಿನಕ್ಕೆ ಎರಡು ಗಂಟೆ ಓದಬೇಕೆಂಬ ಆಜ್ಞೆಯೊಡನೆ ಮುಂದಿನ ವರ್ಷದ ಪುಸ್ತಕಗಳೂ ಅವನ ಚೀಲದಲ್ಲಿ ಬಂದಿದ್ದವು. ಅವನು ಮಹಡಿಯ ಕಿಟಕಿಯ ಬಳಿ ಪುಸ್ತಕ ತೆರೆದು ಕೂತರೆ ಊಟಕ್ಕೆ ಕೂಗುವವರೆಗೆ ಏಳುತ್ತಿರಲಿಲ್ಲ. ನಾಲ್ಕನೆಯ ದಿನ ಕಸ ಗುಡಿಸಲು ಹೋದ ಅತ್ತೆ, “ಮೂರನೇ ಪುಟ ಬಿಸಿಲಿಗೆ ಬಣ್ಣಗೆಟ್ಟೀತು ಮಾರಾಯ, ಒಮ್ಮೆ ಮಗ್ಗುಲಾದರೂ ತಿರುಗಿಸು” ಎಂದರು. ಅಷ್ಟೇ. ಹುಡುಗ ಪುಟ ತಿರುಗಿಸಿದ. ನಗಲಿಲ್ಲ.

ಕೆಳಗೆ ಮಾತ್ರ ನಗುವಿಗೆ ಬರವಿರಲಿಲ್ಲ. ಅದು ಹಲಸಿನ ಹಪ್ಪಳದ ಕಾಲ. ಬಲಿತ ಕಾಯಿಯ ತೊಳೆ ಬಿಡಿಸಲು ಕೂತ ಹುಡುಗಿ ಅತ್ತೆ ಹೇಳಿದರೂ ಕೈಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಐದು ಬೆರಳೂ ಒಂದಾದವು. ನೀರಿನಲ್ಲಿ ತೊಳೆದಳು, ಸೋಪು ಹಾಕಿ ಉಜ್ಜಿದಳು. ಮೇಣ ಸೋಪಿಗೂ ಹತ್ತಿತೇ ಹೊರತು ಬೆರಳು ಬಿಡಲಿಲ್ಲ. ಹಣೆಗೆ ಬಿದ್ದ ಕೂದಲನ್ನು ಅದೇ ಕೈಯಲ್ಲಿ ಸರಿಸಿದ್ದರಿಂದ ಕೈ ತಲೆಯ ಮೇಲೆಯೇ ನಿಂತಿತು. ಹಾಗೆಯೇ ಸೆಲ್ಯೂಟ್ ಹೊಡೆಯುತ್ತ ಅಡುಗೆಮನೆಗೆ ಬಂದವಳನ್ನು ಅತ್ತೆ ಕೊಬ್ಬರಿ ಎಣ್ಣೆಯಿಂದ ಬಿಡುಗಡೆ ಮಾಡಿದರು.

“ನೀರಿಗೆ ಹೋಗದ್ದು ಎಣ್ಣೆಗೆ ಹ್ಯಾಗೆ ಹೋಯ್ತು ಅತ್ತೆ?”

“ನೀರಿಗೂ ಮೇಣಕ್ಕೂ ಮಾತಿಲ್ಲ ಕಣೆ. ಎಣ್ಣೆ ಅದರ ನೆಂಟ. ನೆಂಟರು ಕರೆದರೆ ಬರದೆ ಇರ್ತದ?”

ರಸಾಯನಶಾಸ್ತ್ರದ ಪಾಠದಲ್ಲಿ ಇದನ್ನೇ ಸ್ವಲ್ಪ ಬಿಗಿಯಾದ ಭಾಷೆಯಲ್ಲಿ ಹೇಳುತ್ತಾರೆ. ಸಮಾನ ಸ್ವಭಾವದ ವಸ್ತುಗಳು ಒಂದರಲ್ಲೊಂದು ಕರಗುತ್ತವೆ.

ಕಿರಿಯವನ ಸ್ನೇಹವೆಲ್ಲ ಬಾವಿಕಟ್ಟೆಯ ಪಕ್ಕದ ಮುಟ್ಟಿದರೆ ಮುನಿಯ ಜೊತೆ. ಮುಟ್ಟಿದೊಡನೆ ಎಲೆ ಮಡಚಿಕೊಂಡದ್ದನ್ನು ಕಂಡು ಮೊದಲ ದಿನ ಅಳುಮೋರೆ ಮಾಡಿದ. “ತಪ್ಪಾಯ್ತು ಅನ್ನು, ಕಾದು ಕೂತುಕೋ” ಎಂದರು ಅತ್ತೆ. ಅವನು ಕೈ ಮುಗಿದು ತಪ್ಪೊಪ್ಪಿಕೊಂಡು ಕುಕ್ಕರಗಾಲಲ್ಲಿ ಕೂತ. ಎಲೆಯ ಬುಡದ ಪುಟ್ಟ ಉಬ್ಬಿನ ಜೀವಕೋಶಗಳಿಂದ ಸರಿದಿದ್ದ ನೀರು ಮರಳಿ ತುಂಬಿಕೊಂಡಿತು, ನಿಧಾನವಾಗಿ ಎಲೆಗಳು ಬಿಡಿಸಿಕೊಂಡವು. ಹುಡುಗನಿಗೆ ತನ್ನ ಕ್ಷಮಾಪಣೆಯ ಮೇಲೆ ಬಹಳ ಹೆಮ್ಮೆಯಾಯಿತು. ಅಕ್ಕನಿಗೆ ಮಾತ್ರ ಅನುಮಾನ. ಅವಳು ಇನ್ನೊಂದು ಗಿಡವನ್ನು ಮುಟ್ಟಿ, ತಪ್ಪಾಯ್ತು ಅನ್ನದೆ, ಬದಲಾಗಿ ಎರಡು ಬೈದು ಕೂತಳು. ಅದೂ ಅಷ್ಟೇ ಹೊತ್ತಿಗೆ ಅರಳಿತು. ತಮ್ಮ ಸೋತ ಮೋರೆ ಮಾಡಿದ. “ಸೋಲೇನು ಬಂತು? ಕೇಳದೆ ಇದ್ದರೂ ಕ್ಷಮಿಸ್ತದೆ ಅಂತ ಗೊತ್ತಾಯ್ತಲ್ಲ” ಎಂದರು ಅತ್ತೆ.

ಅಂದು ರಾತ್ರಿ ಬೆಂಗಳೂರಿನಿಂದ ದೂರವಾಣಿ ಬಂತು. ದೊಡ್ಡವನು ಓದುತ್ತಿದ್ದಾನೋ ಇಲ್ಲವೋ ಎಂಬುದೇ ಅಪ್ಪನ ಮೊದಲ ಪ್ರಶ್ನೆ. “ಅವನೂ ಬಾವಿಕಟ್ಟೆಯ ಗಿಡವೇ” ಎಂದರು ಅತ್ತೆ ತಮ್ಮನಿಗೆ, “ಸ್ವಲ್ಪ ದಿನ ಮುಟ್ಟಬೇಡ.”

ಹಪ್ಪಳ ಒಣಗಿಸುವಾಗ ಕಾಗೆ ಕಾಯುವ ಹುದ್ದೆ ಕಿರಿಯವನದು. ಚಾಪೆಯ ಮೇಲೆ ಎಣಿಸಿ ಹರಡಿದ ಹಪ್ಪಳ ಸಂಜೆಗೆ ಹದಿನಾಲ್ಕು ಕಡಿಮೆಯಾಗಿತ್ತು. “ಕಾಗೆ ತಿಂತು” ಎಂದು ವರದಿ ಒಪ್ಪಿಸಿದ. ಅವನ ತುಟಿಯ ಸುತ್ತ ಎಣ್ಣೆಯೂ ಖಾರದ ಕೆಂಪೂ ಮೀಸೆಯಂತೆ ಹೊಳೆಯುತ್ತಿದ್ದವು. “ಹೌದು, ಕಾಗೆಯ ಮೀಸೆ ಇನ್ನೂ ಒಣಗಿಲ್ಲ” ಎಂದು ಅತ್ತೆ ಸೆರಗಿನಿಂದ ಒರೆಸಿದರು. ಅಂದಿನಿಂದ ಮನೆಯಲ್ಲಿ ಕಾಣೆಯಾದದ್ದೆಲ್ಲ ಕಾಗೆಯ ಖಾತೆಗೆ ಹೋಗತೊಡಗಿತು.

ಏಪ್ರಿಲ್ 28ರಂದು ನಡೆದದ್ದೂ ಅದರ ಮುಂದುವರಿಕೆಯೇ. ಮಧ್ಯಾಹ್ನ ಹನ್ನೆರಡು ಕಳೆದಿತ್ತು. ಕಾಗೆಯ ಕಾವಲುಗಾರ ಬೇಸರ ಕಳೆಯಲು ತನ್ನ ನೆರಳನ್ನು ತಾನೇ ತುಳಿಯುವ ಆಟ ಆಡುತ್ತಿದ್ದ. ಇದ್ದಕ್ಕಿದ್ದಂತೆ ಊರಿಗೆಲ್ಲ ಕೇಳುವಂತೆ ಅಳುತ್ತ ಒಳಗೆ ಓಡಿಬಂದ.

“ಅತ್ತೇ, ನನ್ನ ನೆರಳನ್ನ ಕಾಗೆ ತಿಂದುಬಿಡ್ತು!”

ಅತ್ತೆ ನಗಲಿಲ್ಲ. ಮಕ್ಕಳ ದೂರನ್ನು ಸ್ಥಳಕ್ಕೆ ಹೋಗಿಯೇ ವಿಚಾರಿಸುವುದು ಅವರ ಪದ್ಧತಿ. ಅಂಗಳದಲ್ಲಿ ನಿಂತು ನೋಡಿದರೆ ಹುಡುಗನ ನೆರಳು ಪಾದದಡಿ ಮುದುಡಿ ಕೂತಿತ್ತು. ಅವರದೂ ಅಷ್ಟೇ. ಹಪ್ಪಳದ ಹಿಟ್ಟು ಕುಟ್ಟಿದ ಒನಕೆಯನ್ನು ತಂದು ನೆಟ್ಟಗೆ ನಿಲ್ಲಿಸಿದರು. ಐದಡಿಯ ಒನಕೆ, ಒಂದು ಬೆರಳಿನಷ್ಟೂ ನೆರಳಿಲ್ಲ! “ಇದೇನು ಸೋಜಿಗವೇ, ಒನಕೆಯದನ್ನೂ ತಿಂದಿದೆಯಲ್ಲ” ಎಂದು ಅತ್ತೆ ನಿಜವಾಗಿಯೂ ಬೆರಗಾದರು.

ಮಹಡಿಯ ಕಿಟಕಿಯಿಂದ ಒಂದು ದನಿ ಬಂತು. “ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರ್ತಾನೆ ಅತ್ತೆ. ಅದಕ್ಕೇ.” ಹದಿನೈದು ದಿನಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು.

“ಹಾಗಾದರೆ ದಿನಾ ಮಧ್ಯಾಹ್ನ ನೆರಳು ಇರಬಾರದಲ್ಲೋ?” ಅತ್ತೆ ತಲೆಯೆತ್ತಿ ಕೇಳಿದರು. “ದೀಪಾವಳಿ ಹೊತ್ತಿಗೆ ಈ ಮನೆಯ ನೆರಳು ನಡುಮಧ್ಯಾಹ್ನವೂ ಬಡಗಣಕ್ಕೆ ಬಿದ್ದಿರ್ತದೆ. ಆ ಕಡೆ ಅಡಿಕೆ ಒಣಗುವುದಿಲ್ಲ. ಮೇ ಕೊನೆಗೆ ನೆರಳು ತೆಂಕಣಕ್ಕೆ ವಾಲ್ತದೆ, ಆಗ ಚಾಪೆ ಈಚೆ ಎಳೀತೇನೆ. ಮೂವತ್ತು ವರ್ಷದಿಂದ ಎಳೀತಾ ಇದ್ದೇನೆ. ಯಾಕೆ ಅಂತ ಗೊತ್ತಿಲ್ಲ.”

ಹುಡುಗ ಸುಮ್ಮನಾದ. ಆಮೇಲೆ ಮೆಟ್ಟಿಲಿಳಿದು ಬರುವ ಸದ್ದು ಕೇಳಿತು, ಕೈಯಲ್ಲಿ ಭೂಪಟದ ಪುಸ್ತಕ. ಅತ್ತೆಗೆ ಗೊತ್ತಿಲ್ಲವೆಂಬುದು ನಾಟಕವಾಗಿರಲಿಲ್ಲ. ದೊಡ್ಡವರು ಗೊತ್ತಿದ್ದೂ ಪರೀಕ್ಷಿಸಲು ಕೇಳುವ ಪ್ರಶ್ನೆಯ ವಾಸನೆಯನ್ನು ಮಕ್ಕಳು ದೂರದಿಂದಲೇ ಹಿಡಿಯುತ್ತಾರೆ. ಈ ಪ್ರಶ್ನೆಗೆ ಆ ವಾಸನೆ ಇರಲಿಲ್ಲ.

ರಾತ್ರಿ ದೇವರ ಮನೆಯ ದೀಪ ಸೂರ್ಯನಾಯಿತು. ಒಂದು ಚಕ್ಕೋತದ ಹಣ್ಣಿಗೆ ಕಡ್ಡಿ ಚುಚ್ಚಿ ಅದನ್ನು ಭೂಮಿ ಮಾಡಿದ ದೊಡ್ಡವನು, ಕಡ್ಡಿಯನ್ನು 23.5 ಡಿಗ್ರಿ ಓರೆ ಹಿಡಿದು ದೀಪದ ಸುತ್ತ ನಡೆದ. ಈ ಓರೆಯಿಂದಾಗಿ ಸೂರ್ಯ ನೆತ್ತಿಯ ಮೇಲೆ ಬರುವ ಜಾಗ ವರ್ಷವಿಡೀ ಬದಲಾಗುತ್ತದೆ. ಮಾರ್ಚ್ 21ರ ಸುಮಾರಿಗೆ ಸಮಭಾಜಕ ವೃತ್ತದ ಮೇಲೆ, ಜೂನ್ 21ರ ಸುಮಾರಿಗೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ. ನಡುವೆ ಇರುವ ಊರುಗಳಿಗೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಭೇಟಿ. ಸಾಗರ ಇರುವುದು ಉತ್ತರಕ್ಕೆ 14 ಡಿಗ್ರಿ ಚಿಲ್ಲರೆಯಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಅಲ್ಲಿ ನಡುಹಗಲ ನೆರಳು ಮಾಯ. ಇವೆರಡರ ನಡುವೆ ಸೂರ್ಯ ನಮಗಿಂತ ಉತ್ತರದಲ್ಲಿರುವುದರಿಂದ ನೆರಳು ತೆಂಕಣಕ್ಕೆ.

“ದಿಲ್ಲಿಯಲ್ಲಿರೋ ನನ್ನ ಓರಗಿತ್ತಿಗೆ ಯಾವತ್ತು ನೆರಳು ಹೋಗ್ತದೆ?” ಅತ್ತೆ ಕೇಳಿದರು.

“ಯಾವತ್ತೂ ಇಲ್ಲ. ದಿಲ್ಲಿ 28 ಡಿಗ್ರಿಗಿಂತ ಆಚೆ. ಸೂರ್ಯ ಇಪ್ಪತ್ತಮೂರೂವರೆಗೇ ತಿರುಗಿಬಿಡ್ತಾನೆ.”

“ಪಾಪ, ವರ್ಷವಿಡೀ ಹೊತ್ತುಕೊಂಡೇ ತಿರುಗಬೇಕು” ಎಂದು ಅತ್ತೆ ಮರುಗಿದರು. ದೊಡ್ಡವನು ನಕ್ಕ. ಆಮೇಲೆ ಅತ್ತೆ ಭೂಮಿಯನ್ನು ಸುಲಿದು ನಾಲ್ವರಿಗೂ ಹಂಚಿದರು.

ಮರುದಿನದಿಂದ ಒನಕೆಗೆ ಅಂಗಳದಲ್ಲೇ ವಾಸ. ದೊಡ್ಡವನು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಅದು ನೆಟ್ಟಗಿದೆಯೇ ಎಂದು ಪರೀಕ್ಷಿಸಿದ. ಹುಡುಗಿ ರಂಗೋಲಿ ಪುಡಿಯಲ್ಲಿ ನೆರಳಿನ ತುದಿ ಗುರುತಿಸಿದಳು. ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, 12 ಗಂಟೆ 27 ನಿಮಿಷದ ಹೊತ್ತಿಗೆ ಎಂದು ಕಂಡುಬಂತು. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಸಾಗರ ಇರುವುದು 75ರ ಹತ್ತಿರ. ಸೂರ್ಯ ಅಷ್ಟು ದೂರ ಸರಿಯಲು ಸುಮಾರು ಅರ್ಧ ಗಂಟೆ ಬೇಕು. ಹತ್ತು ದಿನ ಕಳೆಯುವಷ್ಟರಲ್ಲಿ ನಡುಹಗಲ ನೆರಳು ತೆಂಕಣಕ್ಕೆ ನಾಲ್ಕು ಬೆರಳು ಬೆಳೆದಿತ್ತು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ವಿದ್ವಾಂಸ ಈಜಿಪ್ಟಿನ ಸಿಯೀನ್‌ನಲ್ಲಿ ನೆರಳು ಮಾಯವಾಗುವ ದಿನ ಅಲೆಕ್ಸಾಂಡ್ರಿಯಾದಲ್ಲಿ ಬಿದ್ದ ನೆರಳಿನ ಕೋನ ಅಳೆದು, ಅದು ವೃತ್ತದ ಐವತ್ತನೆಯ ಒಂದು ಭಾಗವೆಂದು ಕಂಡುಕೊಂಡು, ಇಡೀ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದ. ದೊಡ್ಡವನು ಈ ಕತೆ ಹೇಳಿದಾಗ ಅತ್ತೆಯ ಪ್ರಶ್ನೆ ಒಂದೇ. “ಅವರ ಮನೆಯಲ್ಲೂ ಹಪ್ಪಳ ಮಾಡ್ತಿದ್ದರಾ?”

ಮೇ ಕೊನೆಗೆ ಮಕ್ಕಳನ್ನು ಕರೆದೊಯ್ಯಲು ಅಪ್ಪ ಬಂದರು. ಊಟಕ್ಕೆ ಕೂತಾಗ, “ಎಷ್ಟು ಪಾಠ ಆಯ್ತು?” ಎಂದರು. ದೊಡ್ಡವನ ಮುಖ ಮತ್ತೆ ಮಡಚಿಕೊಂಡಿತು. ಕಿರಿಯವನು ಉತ್ತರಿಸಿದ. “ಅಣ್ಣ ಒನಕೆ ಓದಿದ!”

ಮರುದಿನ ಹನ್ನೆರಡಕ್ಕೆ ಅಪ್ಪನನ್ನು ಅಂಗಳಕ್ಕೆ ಎಳೆತಂದರು. “ಇನ್ನು ಇಪ್ಪತ್ತೈದು ನಿಮಿಷಕ್ಕೆ ನೆರಳು ಯಾವ ಕಡೆ ಇರ್ತದೆ ಹೇಳಿ” ಎಂದಳು ಮಗಳು. ಪದವೀಧರರಾದ ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ನಾವಿರೋದು ಉತ್ತರಾರ್ಧ ಗೋಳದಲ್ಲಿ. ಉತ್ತರಕ್ಕೇ ಇರಬೇಕು.” ಎಲ್ಲರೂ ಕಾದರು. ಒನಕೆಯ ನೆರಳು ಗೇಣಿಗೆ ಸ್ವಲ್ಪ ಕಡಿಮೆಯಾಗಿ, ನೇರ ದಕ್ಷಿಣಕ್ಕೆ ಬಿತ್ತು. ಅಪ್ಪ ಬಗ್ಗಿ ನೋಡಿದರು, ದಿಕ್ಕು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಯಾರೂ ನಗಲಿಲ್ಲ. ಅತ್ತೆ ಮಕ್ಕಳಿಗೆ ಕಣ್ಣಲ್ಲೇ ತಡೆ ಹಾಕಿದ್ದರು.

“ಇದು ನನಗೆ ಗೊತ್ತಿರಲಿಲ್ಲ” ಎಂದರು ಅಪ್ಪ. ಆಮೇಲೆ ದೊಡ್ಡವನ ಕಡೆ ತಿರುಗಿ, “ಯಾಕೋ ಹೀಗೆ?” ಎಂದು ಕೇಳಿದರು. ಈ ಪ್ರಶ್ನೆಗೂ ಪರೀಕ್ಷೆಯ ವಾಸನೆ ಇರಲಿಲ್ಲ. ಹುಡುಗ ಹೇಳತೊಡಗಿದ. ಅತ್ತೆ ಇನ್ನೊಂದು ಚಕ್ಕೋತ ತರಲು ಒಳಗೆ ಹೋದರು.

ಆಗಸ್ಟ್ 18ರ ಮಧ್ಯಾಹ್ನ ಅತ್ತೆಯ ಮನೆಗೆ ದೂರವಾಣಿ ಬಂತು. ಬೆಂಗಳೂರು ಸಾಗರಕ್ಕಿಂತ ಒಂದು ಡಿಗ್ರಿಗೂ ಮಿಗಿಲಾಗಿ ದಕ್ಷಿಣಕ್ಕಿದೆ. ಮರಳುವ ಸೂರ್ಯ ಅಲ್ಲಿಗೆ ತಲುಪುವುದು ನಾಲ್ಕು ದಿನ ತಡವಾಗಿ. ತಾರಸಿಯ ಮೇಲೆ ಅಪ್ಪ ರಜೆ ಹಾಕಿ ಕೋಲು ಹಿಡಿದು ನಿಂತಿದ್ದರಂತೆ. ಮೋಡ ಸರಿದು ಐದೇ ನಿಮಿಷ ಬಿಸಿಲು ಬಂತಂತೆ. “ನೆರಳು ಇರಲಿಲ್ಲ ಅತ್ತೆ!” ಎಂದು ಮೂವರೂ ಒಟ್ಟಿಗೆ ಕೂಗಿದರು. ಕಿರುಪರೀಕ್ಷೆಯ ಅಂಕವೆಷ್ಟೆಂದು ಅತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

“ನಿಮ್ಮಲ್ಲಿ ಹದಿನಾಲ್ಕಕ್ಕೆ ಕಂಡ್ತಾ?” ದೊಡ್ಡವನು ಕೇಳಿದ.

“ಇಲ್ಲಿ ಎಲ್ಲಿಯ ಸೂರ್ಯ ಮಾರಾಯ, ತಿಂಗಳಿಂದ ಮಳೆ. ಒನಕೆ ಅಟ್ಟದ ಮೇಲಿದೆ. ನೀವು ಏಪ್ರಿಲ್‌ಗೆ ಬನ್ನಿ, ಇಳಿಸ್ತೇನೆ.”